ಅಚ್ಚುಕಟ್ಟಾದ ರಿಜಿಸ್ಟರ್ ಓದಿ ಯಂತ್ರ ಏನು ಕಲಿತೀತು?

ಸಿವಿಲ್ ಓದುವಾಗ ಜೊತೆಗಿದ್ದ ಗೆಳೆಯನೊಬ್ಬ ಭಾರತದಲ್ಲೇ ಒಂದು ಗುತ್ತಿಗೆ ಸಂಸ್ಥೆಯಲ್ಲಿದ್ದಾನೆ. ಮೊನ್ನೆ ಫೋನಿನಲ್ಲಿ ಬಲು ಹುರುಪಿನಲ್ಲಿದ್ದ. ಹಳೆಯ ಕಾಮಗಾರಿಗಳ ಕ್ಯೂಬ್ ರಿಜಿಸ್ಟರ್‌ಗಳನ್ನೆಲ್ಲ (ಕಾಂಕ್ರೀಟಿನ ಚೌಕ ಅಚ್ಚುಗಳನ್ನು ಯಂತ್ರದಲ್ಲಿ ಒಡೆದು, ಬಲ ಅಳೆದು ಬರೆದಿಡುವ ಪುಸ್ತಕಗಳು) ಕಂಪ್ಯೂಟರಿಗೆ ತುಂಬಿ ಒಂದು ಎಐ ಮಾಡಿಸಿದ್ದಾರಂತೆ. ಸಿಮೆಂಟು, ನೀರು, ಮರಳು, ಜಲ್ಲಿ ಇಷ್ಟಿಷ್ಟು ಎಂದರೆ ಸಾಕು, 28ನೇ ದಿನ ಕಾಂಕ್ರೀಟಿನ ಬಲ ಎಷ್ಟಿರುತ್ತದೆಂದು ಇವತ್ತೇ ಹೇಳುತ್ತದಂತೆ. ಅಂದಾಜು ಒಂದು ಅಂಕಿಯಷ್ಟೂ ತಪ್ಪುವುದಿಲ್ಲವಂತೆ. "ನೀವು ಸಿಂಗಪುರದವರು ಇನ್ನೂ ಕ್ಯೂಬ್ ಒಡೀತಾ ಕೂತಿದ್ದೀರಾ?" ಎಂದು ಛೇಡಿಸಿದ.

ಎಂ25, ಅಂದರೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಬಲ ಇರಬೇಕಾದ ಕಾಂಕ್ರೀಟು. ಅದರ ರಿಜಿಸ್ಟರಿನ ಒಂದು ಪುಟದ ಫೋಟೋ ಕಳಿಸು ಎಂದೆ. ಬಂತು. 26.2, 26.4, 26.1, 26.5, ಮತ್ತೆ 26.3. ಪುಟದ ತುಂಬ ಒಂದೇ ಶಾಯಿ, ಒಂದೇ ಕೈಬರಹ.

ಸೈಟಿನಲ್ಲಿ ಬೆವರು ಸುರಿಸಿದವರಿಗೆ ಇದರಾಚೆ ಹೇಳಬೇಕಾಗಿಲ್ಲ. ಉಳಿದವರಿಗೆ ಸ್ವಲ್ಪ ವಿವರ ಬೇಕು. ಕಾಂಕ್ರೀಟ್ ಸ್ವಭಾವದಲ್ಲೇ ಚಂಚಲ. ಮರಳು ನೆನೆದಿದ್ದರೆ ಒಂದು ಬಲ, ಒಣಗಿದ್ದರೆ ಇನ್ನೊಂದು. ಕಾಂಕ್ರೀಟಿಗೆ ನಮ್ಮ ದೇಶದ ಮಾನಕವಾದ ಐಎಸ್ 456:2000 ಇದನ್ನು ಒಪ್ಪಿಕೊಂಡೇ ನಿಯಮ ಮಾಡಿದೆ. ಹಿಂದಿನ ದಾಖಲೆ ಇಲ್ಲದಿದ್ದರೆ ಎಂ25ಕ್ಕೆ ಏರಿಳಿತದ ಅಳತೆ, ಅಂದರೆ ಪ್ರಮಾಣ ವಿಚಲನೆ, 4 ಎಂದು ಹಿಡಿಯಿರಿ ಎನ್ನುತ್ತದೆ. ಹಾಗಾಗಿ ಮಿಶ್ರಣದ ಗುರಿ 25ಕ್ಕೆ ನಿಲ್ಲುವುದಿಲ್ಲ. ಅದಕ್ಕೆ 1.65 ಪಟ್ಟು 4 ಸೇರಿಸಿ 31.6 ನ್ಯೂಟನ್‌ಗೆ ಇಡಬೇಕು. ಪ್ರಾಮಾಣಿಕವಾಗಿ ಒಡೆದ 150 ಮಿಲಿಮೀಟರಿನ ಕ್ಯೂಬ್‌ಗಳು ಒಂದು ದಿನ 35 ಕೊಡುತ್ತವೆ, ಇನ್ನೊಂದು ದಿನ 28, ಅಪರೂಪಕ್ಕೆ 24 ಕೊಟ್ಟು ಎಲ್ಲರ ನಿದ್ದೆ ಕೆಡಿಸುತ್ತವೆ. ತಿಂಗಳುಗಟ್ಟಲೆ 26ರ ಆಸುಪಾಸಿನಲ್ಲೇ ಕದಲದೆ ಕೂತ ಅಂಕಿ ಕ್ಯೂಬಿನಿಂದ ಬಂದದ್ದಲ್ಲ, ಪೆನ್ನಿನಿಂದ ಬಂದದ್ದು. (ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಇಂಥದ್ದೊಂದು ಪುಟವನ್ನು ನನ್ನ ಕೈಯಲ್ಲೂ ಬರೆಸಿದ್ದಾರೆ. ಬಿಲ್ಲು ಪಾಸಾಗಬೇಕಿತ್ತು. ಹಾಗಾಗಿ ದೊಡ್ಡ ಮಾತಾಡುವ ಹಕ್ಕು ನನಗೂ ಪೂರ್ತಿ ಇಲ್ಲ.)

ಗೆಳೆಯನ ಎಐ ಕಾಂಕ್ರೀಟನ್ನು ಕಲಿತೇ ಇಲ್ಲ. ರಿಜಿಸ್ಟರ್ ಬರೆದವನ ಕೈಚಳಕವನ್ನು ಚೆನ್ನಾಗಿ ಕಲಿತಿದೆ. ಅದಕ್ಕೇ ಅಷ್ಟು ನಿಖರ.

ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಎರಡೂ ಕಡೆಯ ಸೈಟುಗಳಲ್ಲಿ ದುಡಿದವನಾಗಿ ನನಗೆ ಕಾಣುವ ವ್ಯತ್ಯಾಸ ಯಂತ್ರಗಳದ್ದಲ್ಲ. ಸಾಫ್ಟ್‌ವೇರ್ ಅಲ್ಲೂ ಅದೇ, ಇಲ್ಲೂ ಅದೇ. ಬರೆಯುವವರಲ್ಲಿ ಅರ್ಧಕ್ಕರ್ಧ ನಮ್ಮವರೇ. ಕೆಲಸ ನಡೆದ ದಿನವೇ ಕಾಗದಕ್ಕೆ ಬರುತ್ತದೋ, ಬಿಲ್ಲಿನ ಹಿಂದಿನ ರಾತ್ರಿ ಬರುತ್ತದೋ ಎನ್ನುವಲ್ಲಿ ದಾರಿ ಕವಲೊಡೆಯುತ್ತದೆ.

ಸಿಂಗಪುರದವರೇನು ಹುಟ್ಟಾ ಸತ್ಯಸಂಧರಲ್ಲ. 1986ರ ಮಾರ್ಚ್ 15ರಂದು ಇಲ್ಲಿನ ಹೋಟೆಲ್ ನ್ಯೂ ವರ್ಲ್ಡ್ ಇದ್ದ ಆರು ಮಹಡಿಯ ಕಟ್ಟಡ ಒಂದು ನಿಮಿಷದೊಳಗೆ ಕುಸಿದು 33 ಜನ ಸತ್ತರು. ತನಿಖೆಯಲ್ಲಿ ಹೊರಬಿದ್ದದ್ದು ಇಂದಿಗೂ ಮೈ ಜುಮ್ಮೆನಿಸುತ್ತದೆ: ವಿನ್ಯಾಸದ ಲೆಕ್ಕದಲ್ಲಿ ಜನ, ಪೀಠೋಪಕರಣಗಳ ಭಾರ ಸೇರಿತ್ತು, ಕಟ್ಟಡದ ಸ್ವಂತ ಭಾರವೇ ಸೇರಿರಲಿಲ್ಲ. ಹದಿನೈದು ವರ್ಷ ಅದು ಹೇಗೋ ನಿಂತಿತ್ತು. ಆ ಪೆಟ್ಟಿನ ನಂತರ ಒಬ್ಬ ಎಂಜಿನಿಯರ್ ಮಾಡಿದ ಲೆಕ್ಕವನ್ನು, ಅವನ ಹಂಗಿಲ್ಲದ ಇನ್ನೊಬ್ಬ ಮೊದಲಿನಿಂದ ಮಾಡಿ ನೋಡಿ ಸಹಿ ಹಾಕಬೇಕೆಂಬ ಕಾನೂನು ಬಂತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರ ಮಾತಿಗೆ ಕಾನೂನಿನ ಬಲ ಸಿಕ್ಕಂತಾಯಿತು. ನಮ್ಮಲ್ಲೂ ದೊಡ್ಡ ಸೇತುವೆಗಳಿಗೆ, ಎತ್ತರದ ಕಟ್ಟಡಗಳಿಗೆ ಇಂಥ ಎರಡನೇ ಪರಿಶೀಲನೆ, ಅಂದರೆ ಪ್ರೂಫ್ ಚೆಕ್, ಉಂಟು. ನಾಲ್ಕೈದು ಮಹಡಿಯ ಸಾಧಾರಣ ಕಟ್ಟಡದ ಲೆಕ್ಕವನ್ನು ಎರಡನೇ ಸಲ ನೋಡುವವರು ಸಿಗುವುದು ಕಷ್ಟ.

ಈ ಎರಡನೇ ಕಣ್ಣಿನ ಅಭ್ಯಾಸದ ಮೇಲೇ ಇಲ್ಲಿ ಉಳಿದದ್ದೆಲ್ಲ ಬೆಳೆದಿದೆ. 2015ರಿಂದ 5,000 ಚದರ ಮೀಟರ್ ದಾಟಿದ ಹೊಸ ಕಟ್ಟಡಗಳಿಗೆ ಬಿಮ್ ಮಾದರಿಯನ್ನೇ, ಅಂದರೆ ಕಟ್ಟಡದ ವಿವರವೆಲ್ಲ ಇರುವ ಮೂರು ಆಯಾಮದ ಕಂಪ್ಯೂಟರ್ ಮಾದರಿಯನ್ನೇ ಸಲ್ಲಿಸಬೇಕು. 2023ರ ಡಿಸೆಂಬರಿನಲ್ಲಿ ಶುರುವಾದ ಕೋರ್‌ನೆಟ್ ಎಕ್ಸ್ ವ್ಯವಸ್ಥೆಯಲ್ಲಿ ಎಲ್ಲ ಇಲಾಖೆಗಳೂ ಒಂದೇ ಮಾದರಿ ನೋಡುತ್ತವೆ, ಕೆಲವು ನಿಯಮಗಳನ್ನು ಕಂಪ್ಯೂಟರೇ ತಾಳೆ ಹಾಕುತ್ತದೆ. ಇಂಥಲ್ಲಿ ಎಐಗೆ ಓದಲು ಏನಾದರೂ ಇರುತ್ತದೆ. ನಮ್ಮ ಕಡೆ ಎಷ್ಟೋ ಸಲ ಡ್ರಾಯಿಂಗ್ ಒಂದು, ಕಟ್ಟಿದ್ದು ಇನ್ನೊಂದು, ಬಿಲ್ಲಿಗಾಗಿ ಕೆಲಸದ ಅಳತೆ ಬರೆಯುವ ಎಂಬಿ ಪುಸ್ತಕದಲ್ಲಿರುವುದು ಮೂರನೆಯದು. ಮೂರರಲ್ಲಿ ಯಾವುದನ್ನು ಯಂತ್ರಕ್ಕೆ ಕಲಿಸುವುದು?

ಇಷ್ಟು ಹೇಳಿ ಇಲ್ಲಿನದೆಲ್ಲ ಸರಿ ಎಂದುಬಿಟ್ಟರೆ ಅದೂ ಸುಳ್ಳು ರಿಜಿಸ್ಟರೇ ಆದೀತು. 2024ರ ಜೂನ್‌ನಿಂದ 50 ಲಕ್ಷ ಸಿಂಗಪುರ ಡಾಲರ್ ಮತ್ತು ಅದಕ್ಕೂ ಮೇಲಿನ ಗುತ್ತಿಗೆಯ ಸೈಟುಗಳಲ್ಲಿ ಕ್ಯಾಮೆರಾ ಕಡ್ಡಾಯ. ಹಲವರು ಅದಕ್ಕೆ ಎಐ ಜೋಡಿಸಿದ್ದಾರೆ: ಹೆಲ್ಮೆಟ್ ಇಲ್ಲ, ಬೆಲ್ಟ್ ಕೊಕ್ಕೆ ಹಾಕಿಲ್ಲ, ಕ್ರೇನಿನ ಕೆಳಗೆ ಯಾರೋ ನಿಂತಿದ್ದಾರೆ ಎಂದು ಟ್ಯಾಬ್ಲೆಟ್ ಗಂಟೆ ಬಾರಿಸುತ್ತಲೇ ಇರುತ್ತದೆ. ಹೆಲ್ಮೆಟ್ ಹಾಕುವವರು ಜಾಸ್ತಿಯಾಗಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಈಗಿನ ಹುಡುಗರು ಸೈಟು ಸುತ್ತುವುದನ್ನು ಬಿಟ್ಟು ಗಂಟೆ ಬಂದಾಗಷ್ಟೇ ತಲೆ ಎತ್ತುತ್ತಾರೆ. ಗಂಟೆ ಬಾರದ್ದು ಅವರ ಪಾಲಿಗೆ ನಡೆದೇ ಇಲ್ಲ.

ಇಲ್ಲಿ ನನಗೆ ನಮ್ಮ ಕಡೆಯ ಮೇಸ್ತ್ರಿ ನೆನಪಾಗುತ್ತಾರೆ. ಸ್ಲ್ಯಾಬ್ ಹಾಕುವ ಬೆಳಿಗ್ಗೆ ಸೆಂಟ್ರಿಂಗಿನ ಒಂದೊಂದು ಊರುಗೋಲನ್ನೂ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, "ಇದು ಭಾರ ಹೊರುತ್ತಿಲ್ಲ ಸಾರ್, ಬೆಣೆ ಬಿಗಿಮಾಡಿಸಿ" ಎನ್ನುತ್ತಿದ್ದರು. ಆ ಸದ್ದಿಗೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ. ಕ್ಯಾಮೆರಾಕ್ಕೆ ಎಲ್ಲ ಊರುಗೋಲುಗಳೂ ನೆಟ್ಟಗೇ ಕಾಣುತ್ತವೆ.

ಸಮಾಧಾನದ ಸಂಗತಿಯೆಂದರೆ ಇಲ್ಲಿನ ನಿಯಮ ಬರೆದವರಿಗೆ ಇದು ಗೊತ್ತಿದೆ. 2022ರಿಂದ 20 ವರ್ಷ ದಾಟಿದ ಎತ್ತರದ ಕಟ್ಟಡಗಳ ಹೊರಗೋಡೆಯನ್ನು ಏಳು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಡ್ರೋನ್ ಹಾರಿಸಿ, ಬಿರುಕು ಹುಡುಕಲು ಎಐ ಬಳಸಿ, ಅಡ್ಡಿಯಿಲ್ಲ. ಆದರೂ ಪ್ರತಿ ಬದಿಯ ಕನಿಷ್ಠ ಶೇಕಡಾ 10ರಷ್ಟನ್ನು ಹತ್ತಿರ ಹೋಗಿ ನೋಡಲೇಬೇಕು. ಟೊಳ್ಳಾದ ಟೈಲ್ಸ್ ಫೋಟೋದಲ್ಲಿ ಎಷ್ಟೋ ಸಲ ಚಂದವಾಗಿಯೇ ಇರುತ್ತದೆ, ತಟ್ಟಿದರೆ ಬಾಯಿ ಬಿಡುತ್ತದೆ.

ಎರಡೂ ಕಡೆಗೆ ಕಣ್ಣು ಮುಚ್ಚಿ ಶಿಫಾರಸು ಮಾಡಬಹುದಾದ ಎಐ ಒಂದೇ, ಅದು ಭಾಷಾಂತರದ್ದು. ಇಲ್ಲಿನ ಬೆಳಗಿನ ಸುರಕ್ಷತಾ ಮಾತುಕತೆಯಲ್ಲಿ ಬಂಗಾಳಿ, ತಮಿಳು, ಚೀನಿ, ಬರ್ಮಿ ಆಡುವವರೆಲ್ಲ ಒಟ್ಟಿಗೆ ನಿಂತಿರುತ್ತಾರೆ. ಮೊದಲು ಎಲ್ಲರೂ ತಲೆಯಾಡಿಸುತ್ತಿದ್ದರು, ಅರ್ಥವಾದವರು ನಾಲ್ಕೇ ಜನ. ಈಗ ಫೋನು ಅವರವರ ಭಾಷೆಯಲ್ಲಿ ಹೇಳುತ್ತದೆ. ಅದಕ್ಕಿಂತ ದೊಡ್ಡದು, ಅವರು ತಿರುಗಿ ಪ್ರಶ್ನೆ ಕೇಳತೊಡಗಿದ್ದಾರೆ. ಬಿಹಾರ, ಒಡಿಶಾ, ಬಂಗಾಳದ ಕಾರ್ಮಿಕರೇ ತುಂಬಿರುವ ನಮ್ಮ ಕಡೆಯ ಸೈಟುಗಳಿಗೆ ಇದು ನಾಳೆಯೇ ಬಂದರೂ ತಡವಾಯಿತು. ಇದಕ್ಕೆ ಹಳೆಯ ದಾಖಲೆ ಬೇಡ, ಯಾರ ರಿಜಿಸ್ಟರೂ ಬೇಡ.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಬೇಸರ ಮಾಡಿಕೊಂಡಂತೆ ಕಂಡ. ಕೊನೆಗೆ, "ಹಾಗಾದರೆ ನಮ್ಮ ಎಐ ರಿಪೇರಿ ಮಾಡೋದು ಹೇಗೆ, ಅದನ್ನಾದರೂ ಹೇಳು" ಎಂದ.

"ಫೇಲಾದ ಕ್ಯೂಬ್‌ಗಳ ಪುಟ ಒಂದಿಷ್ಟು ಹುಡುಕಿ ಕಳಿಸು, ಅಲ್ಲಿಂದ ಶುರು ಮಾಡೋಣ" ಎಂದೆ.

ಎರಡು ದಿನ ಬಿಟ್ಟು ಉತ್ತರ ಬಂತು. ಎಲ್ಲ ಕಾಮಗಾರಿಗಳ ರಿಜಿಸ್ಟರ್ ತೆಗೆಸಿ ನೋಡಿದನಂತೆ. "ಒಂದೂ ಫೇಲಾಗಿಲ್ಲ ಮಾರಾಯಾ."