‘ಹಾರ್ಡ್ಲಿ’ ಒಳಗೆ ಅಡಗಿ ಕೂತಿರುವ ‘ಇಲ್ಲ’

ಕೆಲಸಕ್ಕೆ ಹಾಕಿದ ಮೊದಲ ಅರ್ಜಿಯಲ್ಲಿ ಒಂದು ಸಾಲು ಬರೆದಿದ್ದೆ: ‘ಐ ಹ್ಯಾವ್ ಹಾರ್ಡ್ಲಿ ವರ್ಕ್ಡ್ ಫಾರ್ ಟೂ ಇಯರ್ಸ್.’ ಎರಡು ವರ್ಷ ಕಷ್ಟಪಟ್ಟು ದುಡಿದಿದ್ದೇನೆ ಅಂತ ಹೇಳಬೇಕಿತ್ತು. ಓದಿದವರಿಗೆ ಅದು ಹೇಳಿದ್ದು, ಎರಡು ವರ್ಷದಿಂದ ಕೆಲಸ ಮಾಡಿದ್ದೇ ಇಲ್ಲ ಅಂತ. ನಿಜಕ್ಕೂ ಹಗಲು ರಾತ್ರಿ ದುಡಿದಿದ್ದೆ. ಆ ಸಾಲು ನೆನಪಾದರೆ ಈಗಲೂ ಬೇಜಾರಾಗುತ್ತದೆ.

‘ಸ್ಲೋ’ಗೆ ‘ಲಿ’ ಸೇರಿಸಿದರೆ ‘ಸ್ಲೋಲಿ’. ಹಾಗೇ ‘ಹಾರ್ಡ್’ಗೆ ‘ಲಿ’ ಸೇರಿಸಿದ್ದೆ. ಅಲ್ಲಿ ಅರ್ಥವೇ ತಿರುಗಿಬಿಡುತ್ತದೆ ಅಂತ ಯಾರೂ ಹೇಳಿರಲಿಲ್ಲ. ಹೇಳಿಕೊಟ್ಟಿದ್ದು ಬರೀ ಒಂದು ಸೂತ್ರ: ಎರಡು ನೆಗೆಟಿವ್ ಸೇರಿದರೆ ಪಾಸಿಟಿವ್. ‘ಹಾರ್ಡ್ಲಿ’ ಕೂಡ ಒಂದು ನೆಗೆಟಿವ್ ಅಂತ ಗೊತ್ತಿಲ್ಲದಿದ್ದರೆ ಈ ಸೂತ್ರ ಇಟ್ಟುಕೊಂಡು ಏನು ಮಾಡೋದು?

ಆ ಸೂತ್ರವೂ ಪೂರ್ತಿ ಸರಿಯಲ್ಲ. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ತನ್ನ ಕಾವ್ಯದಲ್ಲಿ ಬರುವ ಯೋಧ ನೈಟ್‌ನನ್ನು ವರ್ಣಿಸುವಾಗ, ಅವನು ಯಾರಿಗೂ ಯಾವತ್ತೂ ಕೆಟ್ಟ ಮಾತಾಡಿದವನಲ್ಲ ಅನ್ನೋಕೆ ಒಂದೇ ವಾಕ್ಯದಲ್ಲಿ ನಾಲ್ಕು ನಿಷೇಧ (ನೆಗೆಟಿವ್) ಬಳಸಿದ್ದಾನೆ. ಒಂದು ಇನ್ನೊಂದನ್ನು ಹೊಡೆದುಹಾಕಿಲ್ಲ, ಗಟ್ಟಿ ಮಾಡಿದೆ. ಎರಡು ನಿಷೇಧ ಸೇರಿದರೆ ಒಂದನ್ನೊಂದು ಕೊಲ್ಲುತ್ತವೆ ಅನ್ನೋ ನಿಯಮ ಶಾಲೆಗಳಲ್ಲಿ ಬೇರೂರಿದ್ದು 18ನೇ ಶತಮಾನದಲ್ಲಿ, ಮುಖ್ಯವಾಗಿ ಇಂಗ್ಲೆಂಡಿನ ಪಾದ್ರಿ ರಾಬರ್ಟ್ ಲೌತ್‌ನ ವ್ಯಾಕರಣದಂಥ ಪುಸ್ತಕಗಳಿಂದ. ಅವನ ಪುಸ್ತಕ ಮೊದಲು ಅಚ್ಚಾಗಿದ್ದು 1762ರಲ್ಲಿ. ಇವತ್ತಿಗೂ ಇಂಗ್ಲಿಷಿನ ಎಷ್ಟೋ ಆಡುನುಡಿಗಳಲ್ಲಿ ‘ಐ ಡೋಂಟ್ ನೋ ನಥಿಂಗ್’ ಅಂದರೆ ‘ನನಗೆ ಏನೂ ಗೊತ್ತಿಲ್ಲ’ ಅಂತಲೇ ಅರ್ಥ. ಕೇಳಿದವರು ಯಾರೂ ‘ಓ, ಏನೋ ಗೊತ್ತಿದೆ’ ಅಂದುಕೊಳ್ಳೋದಿಲ್ಲ. ಹಾಗೆ ಮಾತಾಡುವವರನ್ನು ದಡ್ಡರು ಅನ್ನೋದು ತಪ್ಪು. ಪರೀಕ್ಷೆಯಲ್ಲಿ, ಆಫೀಸಿನ ಪತ್ರದಲ್ಲಿ ಹಾಗೆ ಬರೆಯಬೇಡಿ, ಅಷ್ಟೇ.

ನಮ್ಮವರು ಇದೇ ವಾಕ್ಯ ಬರೆಯೋಕೆ ಕಾರಣ ಬೇರೆ. ‘ಏನೂ’ ಅಂದರೆ ‘ನಥಿಂಗ್’, ‘ಯಾರೂ’ ಅಂದರೆ ‘ನೋಬಡಿ’ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ‘ಯಾರೂ ಬರಲಿಲ್ಲ’ ಅನ್ನೋದರಲ್ಲಿ ‘ಇಲ್ಲ’ ಇರೋದು ಕ್ರಿಯಾಪದದಲ್ಲಿ. ‘ಯಾರೂ’ ಒಳಗೆ ಇಲ್ಲವೇ ಇಲ್ಲ. ಇಂಗ್ಲಿಷಿನ ‘ನೋಬಡಿ’ ಹಾಗಲ್ಲ, ಅದು ತನ್ನ ‘ಇಲ್ಲ’ವನ್ನು ತಾನೇ ಹೊತ್ತುಕೊಂಡು ಬರುತ್ತದೆ. ಹಾಗಾಗಿ ‘ನೋಬಡಿ ಕೇಮ್’ ಅಂದರೆ ಸಾಕು.

‘ಹಾರ್ಡ್ಲಿ’, ‘ಸ್ಕೇರ್ಸ್ಲಿ’, ‘ಬೇರ್ಲಿ’, ‘ಸೆಲ್ಡಮ್’, ‘ರೇರ್ಲಿ’ ಕೂಡ ಹೀಗೇ ಹೊತ್ತು ತರುವಂಥವೇ. ಆದರೆ ಹೊರಗಿನಿಂದ ಕಾಣೋದಿಲ್ಲ. ‘ನೋ’, ‘ನೆವರ್’ ಥರ ಎದುರಿಗೆ ‘ನ’ಕಾರ ಇಲ್ಲ. ಅದಕ್ಕೇ ‘ಐ ಕಾಂಟ್ ಹಾರ್ಡ್ಲಿ ಹಿಯರ್’ ಅಂತ ಬರೆದುಬಿಡುತ್ತೇವೆ. ‘ಐ ಕ್ಯಾನ್ ಹಾರ್ಡ್ಲಿ ಹಿಯರ್’ ಅಂದರೆ ಆಯಿತು. ‘ಹಾರ್ಡ್ಲಿ ನೋ ಮನಿ’ ಅಲ್ಲ, ‘ಹಾರ್ಡ್ಲಿ ಎನಿ ಮನಿ’.

ಇದನ್ನು ಉರು ಹೊಡೆಯೋ ಕೆಲಸವೇ ಇಲ್ಲ. ‘ಅವನು ಇವತ್ತು ಬರೋದು ಕಷ್ಟ’ ಅಂತೀವಿ, ಅಲ್ವಾ? ಅದರಲ್ಲಿ ‘ಇಲ್ಲ’ ಎಲ್ಲಿದೆ? ಆದರೂ ಕೇಳಿದವರು ಹೆಚ್ಚುಕಮ್ಮಿ ಬರೋದಿಲ್ಲ ಅಂತಲೇ ತಿಳಿಯುತ್ತಾರೆ. ‘ಹಾರ್ಡ್ಲಿ’ ನಡೆದು ಬಂದಿದ್ದೂ ಇದೇ ದಾರಿಯಲ್ಲಿ. ಹಿಂದೆ ಅದಕ್ಕೆ ‘ಕಷ್ಟದಿಂದ’ ಅನ್ನೋ ಅರ್ಥವಿತ್ತು. ಕಷ್ಟದಿಂದ ಆಗುವುದು ಬರಬರುತ್ತಾ ಆಗದ ಹಾಗೇ ಅಂತಾಯಿತು. ನಮ್ಮ ‘ಕಷ್ಟ’ದ ಹಾದಿಯಲ್ಲೇ ಅವರ ‘ಹಾರ್ಡ್’ ಕೂಡ ನಡೆದಿದೆ ಅಂತ ಹೊಳೆದ ದಿನ ನನಗೆ ಎಷ್ಟು ಖುಷಿಯಾಯಿತು ಗೊತ್ತಾ!

‘ಹಾರ್ಡ್ಲಿ ಹ್ಯಾಡ್ ಐ ಸ್ಯಾಟ್ ಡೌನ್ ವೆನ್ ದ ಫೋನ್ ರ‍್ಯಾಂಗ್’ ಅನ್ನೋದೂ ಹಾಗೇ. ‘ನಾನು ಕೂತಿದ್ದೇ ತಡ, ಫೋನ್ ಬಂತು’ ಅಂತ ಹೇಳಿಕೊಟ್ಟರೆ ಮುಗಿಯಿತು. ಮೊದಲಿಗೆ ನಿಷೇಧ ಬಂದಿದ್ದರಿಂದ ‘ಐ ಹ್ಯಾಡ್’ ಹೋಗಿ ‘ಹ್ಯಾಡ್ ಐ’ ಆಗಿದೆ, ಅಷ್ಟೇ.

ಮೊನ್ನೆ ಸಂಬಂಧಿಕರ ಹುಡುಗಿಗೆ ಸುಮ್ನೆ ‘ಅವನು ಬರೋದು ಕಷ್ಟ’ದಿಂದ ಶುರು ಮಾಡಿ ಇದನ್ನೆಲ್ಲ ಹೇಳಿದೆ. ಆಮೇಲೆ ಪುಸ್ತಕದಲ್ಲಿದ್ದ ಒಂದು ವಾಕ್ಯ ತೋರಿಸಿದೆ: ‘ಹಿ ಹಾರ್ಡ್ಲಿ ಟಾಕ್ಸ್.’ ಇದಕ್ಕೆ ‘ಅಲ್ವಾ?’ ಥರದ ಬಾಲದ ಪ್ರಶ್ನೆ (ಕ್ವೆಶ್ಚನ್ ಟ್ಯಾಗ್) ಜೋಡಿಸಬೇಕು; ವಾಕ್ಯದಲ್ಲಿ ‘ಇಲ್ಲ’ ಇದ್ದರೆ ಬಾಲದಲ್ಲಿ ಇರಬಾರದು. ಅವಳು ಪೆನ್ಸಿಲಿನಲ್ಲಿ ‘ಡಸಂಟ್ ಹಿ?’ ಅಂತ ಬರೆದಳು. ಒಂದು ಗಳಿಗೆ ನೋಡಿದಳು. ‘ಇರಿ, ವಾಕ್ಯದಲ್ಲೇ ಒಂದು ಇಲ್ಲ ಇದೆ’ ಅಂದಳು. ರಬ್ಬರ್ ತಗೊಂಡು ಅಳಿಸಿ, ‘ಡಸ್ ಹಿ?’ ಅಂತ ತಾನೇ ತಿದ್ದಿದಳು.