ಹಕೊದಾತೆಯವರು ತಮ್ಮ ಊರನ್ನು ಹೊಗಳಲಿಲ್ಲ

ಹೊಸ ವರ್ಷದ ಮೊದಲ ಸೂರ್ಯೋದಯ ನೋಡಲೆಂದು ಅಣ್ಣ ತಂಗಿ ಇದ್ದಬದ್ದ ಚಿಲ್ಲರೆಯನ್ನೆಲ್ಲ ಕೂಡಿಸಿಕೊಂಡು ರೋಪ್‌ವೇಯಲ್ಲಿ ಬೆಟ್ಟದ ತುದಿಗೆ ಹೋಗುತ್ತಾರೆ. ಹಡಗು ಕಟ್ಟುವ ಕಾರ್ಖಾನೆಯಲ್ಲಿದ್ದ ಕೆಲಸ ಹೋಗಿದೆ. ಇಳಿಯುವ ಹೊತ್ತಿಗೆ ಉಳಿದ ಹಣ ಒಬ್ಬರ ಟಿಕೆಟ್ಟಿಗೆ ಮಾತ್ರ ಸಾಲುವುದರಿಂದ, ತಾನು ನಡೆದೇ ಬರುತ್ತೇನೆಂದು ಅಣ್ಣ ತಂಗಿಯನ್ನು ಕಳುಹಿಸುತ್ತಾನೆ. ಕೆಳಗಿನ ನಿಲ್ದಾಣದಲ್ಲಿ ಅವಳು ಕಾಯುತ್ತಲೇ ಇರುತ್ತಾಳೆ.

ಕುಮಾಕಿರಿ ಕಜುಯೋಶಿ 2010ರಲ್ಲಿ ನಿರ್ದೇಶಿಸಿದ ‘ಕಾಯ್ತಾನ್‌ಶಿ ಜೊಕೇ’ ಒಂದೇ ಪಟ್ಟಣದ ಐದು ಕಥೆಗಳ ಜಪಾನಿ ಚಿತ್ರ; ಮೇಲೆ ಹೇಳಿದ್ದು ಅವುಗಳಲ್ಲೊಂದು. ಕಾಯ್ತಾನ್ ಎಂಬುದು ಕಲ್ಪಿತ ಹೆಸರು, ಊರು ಮಾತ್ರ ಜಪಾನಿನ ಉತ್ತರದ ದ್ವೀಪ ಹೊಕ್ಕಾಯ್ಡೊದ ದಕ್ಷಿಣ ತುದಿಯ ಹಕೊದಾತೆ. ಅಲ್ಲಿಯೇ ಹುಟ್ಟಿ 1990ರಲ್ಲಿ ತೀರಿಕೊಂಡ ಲೇಖಕ ಸಾತೊ ಯಾಸುಶಿ ಅಪೂರ್ಣವಾಗಿ ಬಿಟ್ಟುಹೋದ ಕಥೆಗಳೇ ಇದಕ್ಕೆ ಆಧಾರ. ಚಿತ್ರ ಮಾಡಬೇಕೆಂದು ಮೊದಲು ಹೊರಟವರು ಊರಿನ ಒಂದು ಪುಟ್ಟ ಚಿತ್ರಮಂದಿರದವರು. ಊರಿನವರೇ ದೇಣಿಗೆ ಕೊಟ್ಟರು, ಕೆಲವರು ಬಣ್ಣವನ್ನೂ ಹಚ್ಚಿದರು. ಪ್ರವಾಸಿಗರಿಗೆ ಹಕೊದಾತೆ ಎಂದರೆ 334 ಮೀಟರ್ ಎತ್ತರದ ಬೆಟ್ಟದಿಂದ ಕಾಣುವ ರಾತ್ರಿಯ ದೀಪಗಳು. ಅದೇ ಬೆಟ್ಟವನ್ನು ಒಬ್ಬ ನಿರುದ್ಯೋಗಿ ಹಿಂತಿರುಗಿ ಬಾರದ ಜಾಗವನ್ನಾಗಿ ತೋರಿಸಲು ಊರಿನವರು ತಮ್ಮ ಕೈಯಿಂದ ಹಣ ಹಾಕಿದರೆಂಬುದು ನನಗೆ ಇಂದಿಗೂ ಸೋಜಿಗವೇ.

ಯೊಕೊಹಾಮಾದಲ್ಲಿ ನೆಲೆಸಿರುವ ನಾನು ಬೆಳೆದದ್ದು ಕುದುರೆಮುಖದ ಕಂಪನಿ ಕ್ವಾರ್ಟರ್ಸ್‌ನಲ್ಲಿ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿನ ಮತ್ತು ಭದ್ರೆಯ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ಆದರೆ ಖಾಲಿಯಾದ ಊರನ್ನು ನಾವು ನೆನೆಯುವ ಬಗೆಯೇ ಬೇರೆ. ಹಳಬರು ಸೇರಿದಾಗಲೆಲ್ಲ ವೇದಿಕೆ, ಶಾಲು, ಹಾರ, ‘ಆ ದಿನಗಳೇ ದಿನಗಳು’ ಎಂಬ ಮಾತು. ನಮ್ಮಲ್ಲಿ ಊರಿನ ಅಭಿಮಾನವೆಂದರೆ ಊರಿನ ಸ್ತುತಿ. ಊರಿನ ನೋವನ್ನು ಎತ್ತಿದವನು ಸಂಭ್ರಮ ಕೆಡಿಸಿದವನಾಗುತ್ತಾನೆ. ಕ್ವಾರ್ಟರ್ಸಿನವರ ಬಟ್ಟೆ ಹೊಲಿದೇ ಬದುಕುತ್ತಿದ್ದ, ಕಂಪನಿಯ ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದಿದ್ದ ನಮ್ಮ ಟೈಲರ್ ಅಣ್ಣ ಆಮೇಲೆ ಎಲ್ಲಿಗೆ ಹೋದರೆಂದು ಯಾರೂ ಕೇಳಿದವರಿಲ್ಲ.

ಹಾಗೆಂದು ಜಪಾನಿನವರ ಮೌನವೆಲ್ಲ ನನಗೆ ಒಪ್ಪಿತವೆಂದಲ್ಲ. ಗ್ಯಾಸ್ ಅಂಗಡಿಯವನ ಕಥೆಯಲ್ಲಿ ಮಲತಾಯಿ ಹುಡುಗನನ್ನು ಹೊಡೆಯುತ್ತಿರುವಾಗ ಅಕ್ಕಪಕ್ಕದವರ ಸುಳಿವೇ ಇಲ್ಲ. ನಮ್ಮ ಸಾಲುಮನೆಗಳಲ್ಲಾಗಿದ್ದರೆ ಪಕ್ಕದ ಮನೆಯ ಅಕ್ಕ, ಕರೆಯದಿದ್ದರೂ ಸೌಟು ಹಿಡಿದುಕೊಂಡೇ ಒಳಗೆ ಬಂದು ಗದರಿಸಿರುತ್ತಿದ್ದರು. ಎರಡೂವರೆ ಗಂಟೆಯ ಚಿತ್ರ ಅಲ್ಲಲ್ಲಿ ಎಳೆದಂತೆಯೂ ಅನಿಸುತ್ತದೆ. ಆದರೂ, ಒಬ್ಬರ ಸಂಕಟ ಇನ್ನೊಬ್ಬರಿಗೆ ತಿಳಿಯದ ಈ ಜನರೆಲ್ಲ ಒಂದೇ ಟ್ರಾಮ್‌ನಲ್ಲಿ ಓಡಾಡುವುದನ್ನೂ, ಸುತ್ತಲಿನ ಮನೆಗಳೆಲ್ಲ ನೆಲಸಮವಾದರೂ ತನ್ನ ಮನೆ ಬಿಟ್ಟುಕೊಡದ ಅಜ್ಜಿ ಕಾಣೆಯಾದ ಬೆಕ್ಕಿಗಾಗಿ ಹುಡುಕುವುದನ್ನೂ ನೋಡುವಾಗ, ಯಾರ ಕಥೆ ಹೇಳಲು ಯೋಗ್ಯ ಎಂಬ ಲೆಕ್ಕವನ್ನೇ ಹಕೊದಾತೆಯವರು ಹಾಕಿಲ್ಲವೆನಿಸಿತು.

ಚಿತ್ರ ಮುಗಿದ ಮೇಲೆ, ನಮ್ಮ ಹಳಬರ ಗುಂಪಿನಲ್ಲಿ ಯಾರೋ ಹಾಕಿದ್ದ ಕಳೆದ ಸಮ್ಮಿಲನದ ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಏಳು ಭಾಷಣಗಳಿದ್ದವು. ಟೈಲರ್ ಅಣ್ಣನ ಹೆಸರು ಒಂದರಲ್ಲಿಯೂ ಬರಲಿಲ್ಲ.