ಮೆಜೆಸ್ಟಿಕ್‌ನಲ್ಲಿ ಬೆಳಗಾಗುವುದು ಮಧ್ಯಾಹ್ನ 12ಕ್ಕೆ

ಬೆಳಗಿನ ಜಾವ ಐದಕ್ಕೆ ಕ್ಲೀನರ್ ಹುಡುಗ ಬಸ್ಸಿನ ಉದ್ದಕ್ಕೂ ಸೀಟು ಬಡಿಯುತ್ತಾ ಬರುತ್ತಾನೆ. ‘ಗೊರಗುಂಟೆಪಾಳ್ಯ ಯಾರ್ರೀ? ಯಶವಂತಪುರ, ನವರಂಗ್, ಏಳ್ರೀ ಏಳ್ರೀ!’ ಉತ್ತರ ಕರ್ನಾಟಕದ ನಮಗೆಲ್ಲ ಇದೇ ಸುಪ್ರಭಾತ. ಹುಬ್ಬಳ್ಳಿಯಲ್ಲಿ ರಾತ್ರಿ ಹತ್ತಕ್ಕೆ ಹತ್ತಿದವರು, ಬೀದರಿನಲ್ಲಿ ಸಂಜೆಯೇ ಹತ್ತಿದವರು, ಸಿಂಧನೂರು, ಬಾಗಲಕೋಟೆ, ವಿಜಯಪುರದವರು ಎಲ್ಲರೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಕೆದರಿದ ತಲೆ, ಊದಿದ ಕಣ್ಣು, ಕಂಕುಳಲ್ಲಿ ಒಂದು ಫೈಲು ಸಮೇತ ಮೆಜೆಸ್ಟಿಕ್ ಸುತ್ತಮುತ್ತ ಉದುರುತ್ತೇವೆ. ಎಷ್ಟೋ ವರ್ಷದಿಂದ ದಿನಾ ಉದುರುತ್ತಿದ್ದೇವೆ. ಅಲ್ಲಿನ ಹೋಟೆಲಿನವರಿಗೆ ಮಾತ್ರ ಇದು ದಿನಾ ಹೊಸ ಸುದ್ದಿ.

‘ಸಾರ್, ಚೆಕ್ ಇನ್ 12 ಗಂಟೆಗೆ.’

ಗಡಿಯಾರ ನೋಡಿದೆ. 5.40. ಗಡಿಯಾರಗಳು ಅಂತಲೇ ಹೇಳಬೇಕು. ಕೌಂಟರಿನ ಹಿಂದೆ ಸಾಲಾಗಿ ನಾಲ್ಕಿದ್ದವು. ಲಂಡನ್, ನ್ಯೂಯಾರ್ಕ್, ಟೋಕಿಯೊ, ಇಂಡಿಯಾ. ನ್ಯೂಯಾರ್ಕ್ ನಿಂತುಹೋಗಿತ್ತು. ಅಲ್ಲಿ ಯಾವ ದೇಶದ ಹೊತ್ತಿಗೆ ನನಗೆ ರೂಮು ಸಿಗುತ್ತಿತ್ತೋ ಗೊತ್ತಿಲ್ಲ, ಇಂಡಿಯಾದ ಹೊತ್ತಿಗಂತೂ ಇಲ್ಲ.

‘ಅಲ್ರೀ, ಹತ್ತೂವರೆಗೆ ಆಫೀಸಿಗೆ ಹೋಗಬೇಕು. ಸ್ನಾನ ಮಾಡಿ ಹೋಗೋಣ ಅಂತಾನೇ ರೂಮ್ ಬುಕ್ ಮಾಡಿದ್ದು.’

‘ಅರ್ಲಿ ಚೆಕ್ ಇನ್ ಇದೆ ಸಾರ್. 500 ಎಕ್ಸ್‌ಟ್ರಾ.’

ರೂಮು ಖಾಲಿ ಇದೆ. ಕೀಲಿ ಕಣ್ಣಿಗೆ ಕಾಣುತ್ತಿದೆ. ಹಾಸಿಗೆ ಹಾಸಿದೆ. ಆದರೂ 12 ಗಂಟೆಯಾಗದೆ ಅದು ರೂಮು ಅಲ್ಲ. ಐನೂರು ಕೊಟ್ಟರೆ ತಕ್ಷಣ ರೂಮು. ರಾಹುಕಾಲ, ಗುಳಿಕಕಾಲ ನೋಡುವವರನ್ನು ಮೂಢನಂಬಿಕೆ ಅಂತ ಬೈಯುವ ನಾವು ಈ ಮುಹೂರ್ತದ ಬಗ್ಗೆ ಯಾಕೆ ಸುಮ್ನಿದ್ದೇವೋ. ಜೋಯಿಸರಾದರೂ ದಕ್ಷಿಣೆ ತಗೊಂಡು ಒಂದು ಪರಿಹಾರ ಹೇಳುತ್ತಾರೆ. ಇಲ್ಲಿ ದಕ್ಷಿಣೆಯೇ ಪರಿಹಾರ.

ಲೆಕ್ಕ ಇನ್ನೂ ಚೆಂದ ಇದೆ, ಕೇಳಿ. ಒಳಗೆ ಬಿಡುವುದು 12ಕ್ಕೆ. ಹೊರಗೆ ಕಳಿಸುವುದು ಮರುದಿನ 11ಕ್ಕೆ. ಅಂದರೆ ಗಾಂಧಿನಗರದಲ್ಲಿ ಭೂಮಿ ತನ್ನ ಸುತ್ತ ತಾನು ತಿರುಗಲು 23 ಗಂಟೆ ಸಾಕು. ಹಳೇ ಲಾಡ್ಜುಗಳಲ್ಲಿ ಹೀಗಿರಲಿಲ್ಲ. ನೀವು ಬೆಳಗ್ಗೆ ಆರಕ್ಕೆ ಬಂದರೆ ನಾಳೆ ಆರರವರೆಗೆ ರೂಮು ನಿಮ್ಮದು. ‘24 ಅವರ್ಸ್ ಚೆಕ್ ಔಟ್’ ಅಂತ ಬೋರ್ಡೇ ಇರುತ್ತಿತ್ತು. ಈಗಲೂ ಅಲ್ಲೊಂದು ಇಲ್ಲೊಂದು ಇದೆ. ಆದರೆ ಅವು ಲಾಡ್ಜು. ಇದು ಬ್ಯುಸಿನೆಸ್ ಹೋಟೆಲ್.

ಈ ಹೆಸರಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಹೋಟೆಲ್ ಅಂದರೆ ತಿನ್ನುವ ಜಾಗ. ‘ಹೋಟೆಲಲ್ಲಿ ಇದೀನಿ’ ಅಂತ ಮನೆಗೆ ಫೋನ್ ಮಾಡಿದರೆ ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ‘ಏನ್ ತಿಂದ್ರಿ?’ ಮಲಗುವ ಜಾಗಕ್ಕೆ ನಮ್ಮಲ್ಲಿ ಲಾಡ್ಜ್ ಅಂತಿತ್ತು. ಪಾಪ, ಆ ಪದದ ಮಾನವನ್ನು ಪೇಪರಿನವರು ‘ಲಾಡ್ಜ್ ಮೇಲೆ ಪೊಲೀಸ್ ದಾಳಿ’ ಅಂತ ಬರೆದು ಬರೆದು ಕಳೆದರು. ಆಮೇಲೆ ಲಾಡ್ಜುಗಳೆಲ್ಲ ಬೋರ್ಡು ಬದಲಿಸಿಕೊಂಡವು. ಮೊದಲು ಕಂಫರ್ಟ್ಸ್ ಆದವು, ಆಮೇಲೆ ರೆಸಿಡೆನ್ಸಿ, ಆಮೇಲೆ ಇನ್, ಸೂಟ್ಸ್, ಗ್ರ್ಯಾಂಡ್. ಒಳಗೆ ಅದೇ ಮೆಟ್ಟಿಲು, ಅದೇ ಫಿನಾಯಿಲ್ ವಾಸನೆ, ಅದೇ ಬಕೆಟ್ಟು, ಅದೇ ಮಗ್ಗು. ಮಗ್ಗಿನ ಹಿಡಿ ಮುರಿದಿರುವುದೂ ಅದೇ.

ಬ್ಯುಸಿನೆಸ್ ಎಲ್ಲಿದೆ ಅಂತ ನಾನೂ ಹುಡುಕಿದೆ. ಗೋಡೆಗೆ ಒಂದು ಮೇಜಿದೆ. ಲ್ಯಾಪ್‌ಟಾಪ್ ಇಡಲಂತೆ. ಪ್ಲಗ್ ಪಾಯಿಂಟ್ ಮಾತ್ರ ಮಂಚದ ಹಿಂದೆ. ನೆಲಕ್ಕೆ ಮುಟ್ಟುವ ದಪ್ಪ ಪರದೆ ಇತ್ತು. ಮೆಜೆಸ್ಟಿಕ್ ನೋಡೋಣ ಅಂತ ಹುಮ್ಮಸ್ಸಿನಿಂದ ಎಳೆದೆ. ಗೋಡೆ. ಕಿಟಕಿ ಇದ್ದು ಮುಚ್ಚಿದ್ದಲ್ಲ, ಹುಟ್ಟಿನಿಂದಲೇ ಗೋಡೆ. ಅದಕ್ಕೂ ಒಂದು ಪರದೆ ಹಾಕಿ ಮರ್ಯಾದೆ ಕಾಪಾಡಿದ್ದಾರೆ. ಬಚ್ಚಲಿಗೆ ಮಾತ್ರ ಗಾಜಿನ ಗೋಡೆ! ಮಂಚದ ಮೇಲೆ ಕೂತವರಿಗೆ ಸ್ನಾನ ಮಾಡುವವರು ಕಾಣಲಿ ಅಂತ. ಅಪ್ಪ ಮಗ ಒಟ್ಟಿಗೆ ಕೋರ್ಟ್ ಕೇಸಿಗೆ ಬಂದರೆ ಏನು ಮಾಡುತ್ತಾರೋ. ಒಬ್ಬರು ಪರದೆ ಸರಿಸಿ ಆ ಗೋಡೆ ನೋಡುತ್ತಾ ನಿಲ್ಲಬೇಕು. ಅದಕ್ಕೇ ಇಟ್ಟಿರಬಹುದು.

ನನಗೆ ತುಂಬಾ ಹಿಡಿಸಿದ್ದು ಹಾಸಿಗೆಯ ಕಾಲಬುಡದಲ್ಲಿ ಅಡ್ಡಲಾಗಿ ಹಾಸಿದ್ದ ಮರೂನ್ ಬಟ್ಟೆ. ಹೊದೆಯೋಣ ಅಂದರೆ ಮೊಣಕಾಲಷ್ಟೇ ಮುಚ್ಚುತ್ತದೆ. ಒರೆಸಿಕೊಳ್ಳೋಣ ಅಂದರೆ ನೀರು ಹೀರುವುದಿಲ್ಲ. ಬಹಳ ಹೊತ್ತು ಯೋಚಿಸಿದ ಮೇಲೆ ಹೊಳೆಯಿತು. ಹಾಸಿಗೆಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದಾರೆ. ಒಂದು ಮೈಸೂರು ಪೇಟ, ಒಂದು ಹಣ್ಣಿನ ಬುಟ್ಟಿ ಬಾಕಿ. ಎಷ್ಟು ಜನರ ಭಾರ ಹೊತ್ತಿದೆಯೋ, ಸಮಾಜಸೇವೆಗೆ ಸಲ್ಲಬೇಕಾದ್ದೇ.

ಇದೆಲ್ಲ ರೂಮಿಗೆ ಹೋದ ಮೇಲಿನ ಕಥೆ. ಹೋಗುವ ಮೊದಲು ಆಧಾರ್ ಇದೆಯಲ್ಲ. ‘ಆಧಾರ್ ಜೆರಾಕ್ಸ್ ಕೊಡಿ ಸಾರ್.’ ಬೆಳಗ್ಗೆ ಐದೂ ಮುಕ್ಕಾಲಿಗೆ ಯಾವ ಜೆರಾಕ್ಸ್ ಅಂಗಡಿ ತೆಗೆದಿರುತ್ತೆ? ‘ಹಂಗಾದ್ರೆ ಫೋಟೋ ತೆಗೆದು ಈ ನಂಬರಿಗೆ ವಾಟ್ಸಾಪ್ ಮಾಡಿ.’ ಮಾಡಿದೆ. ಆ ನಂಬರಿನ ಡಿಪಿಯಲ್ಲಿ ಒಬ್ಬ ತರುಣ ಕಪ್ಪು ಕನ್ನಡಕ ಹಾಕಿಕೊಂಡು ಬೈಕಿಗೆ ಒರಗಿ ನಿಂತಿದ್ದ. ನನ್ನ ಹೆಸರು, ಹುಟ್ಟಿದ ತಾರೀಕು, ಮನೆ ವಿಳಾಸ, ಹನ್ನೆರಡು ಅಂಕಿ ಎಲ್ಲ ಈಗ ಆ ಬೈಕಿನ ಮೇಲೆ ಊರೆಲ್ಲ ಸುತ್ತುತ್ತಿವೆ.

ಮರೆತಿರೋರಿಗೆ ನೆನಪಿಸುತ್ತೇನೆ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಖಾಸಗಿಯವರ ಆಧಾರ್ ಹುಚ್ಚಿಗೆ ಮೂಗುದಾರ ಹಾಕಿತು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ್ದೇ ಬೆಂಗಳೂರು ಕಚೇರಿ, ಸಿಕ್ಕಸಿಕ್ಕವರಿಗೆ ಜೆರಾಕ್ಸ್ ಕೊಡಬೇಡಿ, ಲೈಸೆನ್ಸ್ ಇಲ್ಲದ ಹೋಟೆಲು, ಸಿನಿಮಾ ಮಂದಿರದವರು ಅದನ್ನು ಇಟ್ಟುಕೊಳ್ಳುವಂತಿಲ್ಲ ಅಂತ ಪ್ರಕಟಣೆ ಹೊರಡಿಸಿತು. ಎಂಥ ಒಳ್ಳೆ ಮಾತು ಅಲ್ವಾ! ಎರಡೇ ದಿನ. ಮೇ 29ಕ್ಕೆ ದಿಲ್ಲಿಯಿಂದ ಬಂತು: ಜನ ತಪ್ಪು ತಿಳಿಯಬಹುದು, ಪ್ರಕಟಣೆ ವಾಪಸ್, ನಿಮ್ಮ ಎಚ್ಚರಿಕೆಯಲ್ಲಿ ನೀವಿರಿ. ಒಳ್ಳೆಯ ಮಾತಿಗೆ ಎರಡು ದಿನ ಆಯಸ್ಸು. ಬಸಳೆ ಸೊಪ್ಪು ಕೂಡ ಫ್ರಿಜ್ಜಿನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತೆ. ಜೆರಾಕ್ಸ್ ನಿಲ್ಲಿಸಿ ಕ್ಯೂಆರ್ ಕೋಡ್ ತರುತ್ತೇವೆ ಅಂತ 2025ರ ಡಿಸೆಂಬರಿನಲ್ಲಿ ಮತ್ತೆ ಸುದ್ದಿ ಬಂತು. ಸುದ್ದಿ ಇನ್ನೂ ಚೆಕ್ ಇನ್ ಆದಂತಿಲ್ಲ. ಅದಕ್ಕೂ 12 ಗಂಟೆ ಆಗಬೇಕೇನೋ.

ರಿಜಿಸ್ಟರಿನಲ್ಲಿ ‘ಬಂದ ಉದ್ದೇಶ’ ಅಂತ ಒಂದು ಕಾಲಂ. ನನಗಿಂತ ಮೇಲಿನ ಆರೂ ಜನ ‘ಬ್ಯುಸಿನೆಸ್’ ಅಂತ ಬರೆದಿದ್ದರು. ಅವರೂ ನನ್ನ ಹಾಗೆ ಫೈಲಿನವರೇ ಅಂತ ಅಕ್ಷರ ನೋಡಿದರೆ ಗೊತ್ತಾಗುತ್ತಿತ್ತು. ನಾನೂ ಬ್ಯುಸಿನೆಸ್ ಅಂತ ಬರೆದೆ. ಮಾವನವರ ಪಿಂಚಣಿಯ ಒಂದು ಕಾಗದ ಒಂದು ಇಲಾಖೆಯ ಒಂದು ಮೇಜಿನ ಮೇಲೆ ಹನ್ನೊಂದು ತಿಂಗಳಿಂದ ವಾಸ ಮಾಡುತ್ತಿದೆ. ಅದಕ್ಕೆ ಯಾರೂ ಚೆಕ್ ಔಟ್ ಟೈಮ್ ಹೇಳಿಲ್ಲ. ಬೆಳಗಾವಿಯಲ್ಲಿ 2012ರಲ್ಲೇ ಸುವರ್ಣ ವಿಧಾನಸೌಧ ಕಟ್ಟಿದರು, ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಶಾಸಕರು ಹೋಗಿ ಬರುತ್ತಾರೆ. ಫೈಲುಗಳಿಗೆ ಆ ಹವಾ ಒಗ್ಗುವುದಿಲ್ಲವಂತೆ. ಹಾಗಾಗಿ ನಾವೇ 400 ಕಿಲೋಮೀಟರು ಬಂದು ಅವನ್ನು ನೋಡಿಕೊಂಡು ಹೋಗಬೇಕು, ಹಾಸ್ಟೆಲ್ಲಿನಲ್ಲಿ ಬಿಟ್ಟ ಮಕ್ಕಳನ್ನು ನೋಡಿದ ಹಾಗೆ.

ಇನ್ನು ಬಿಲ್ಲು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿಯಿತು. ಉಳಿತಾಯ ಉತ್ಸವ ಅಂತ ಜಾಹೀರಾತೂ ನೋಡಿದ್ದೆ. ಅದಕ್ಕೆ ಮೊದಲು ಇದೇ ಹೋಟೆಲಿನ ಇದೇ ಕಿಟಕಿ ಇಲ್ಲದ ರೂಮು 1,400, ಟ್ಯಾಕ್ಸ್ 168, ಒಟ್ಟು 1,568. ಈಗ ರೂಮು 1,500, ಟ್ಯಾಕ್ಸ್ 75, ಒಟ್ಟು 1,575. ಟ್ಯಾಕ್ಸ್ ಅರ್ಧಕ್ಕಿಂತ ಕಡಿಮೆಯಾಯಿತು, ನನಗೆ 7 ರೂಪಾಯಿ ಜಾಸ್ತಿಯಾಯಿತು. ಕೇಳಿದರೆ ‘ಇನ್‌ಪುಟ್ ಕ್ರೆಡಿಟ್ ಹೋಯ್ತಲ್ಲ ಸಾರ್, ನಾವು ಕಟ್ಟಿದ ಟ್ಯಾಕ್ಸ್ ಈಗ ವಾಪಸ್ ಬರಲ್ಲ’ ಅಂದ. ಅದು ನಿಜವೇ. ನನಗೆ ಮಾತ್ರ ಉತ್ಸವದಲ್ಲಿ ತೇರು ಯಾರದು, ಹಗ್ಗ ಎಳೆದವರು ಯಾರು ಅಂತ ಸರಿಯಾಗಿ ಗೊತ್ತಾಯಿತು. ಅರ್ಲಿ ಚೆಕ್ ಇನ್ನಿನ 500ಕ್ಕೂ ಜಿಎಸ್‌ಟಿ 25. ಬೇಗ ಬಂದಿದ್ದಕ್ಕೂ ಸರ್ಕಾರಕ್ಕೆ ಪಾಲು.

ಕೊಟ್ಟೆ. ಯಾಕೆ ಕೊಟ್ಟೆ ಅಂದರೆ ಗೋಡೆಯ ಮೇಲೆ ಇನ್ನೊಂದು ಬೋರ್ಡ್ ಇತ್ತು. ‘ಬಿಸಿನೀರು: ಬೆಳಗ್ಗೆ 6ರಿಂದ 9.’ ಚೆಕ್ ಇನ್ 12ಕ್ಕೆ, ಬಿಸಿನೀರು 9ಕ್ಕೆ ಬಂದ್. ಇದನ್ನು ಯೋಚಿಸಿದ ಮನುಷ್ಯನಿಗೆ ನಿಜವಾಗಿ ಶಾಲು ಹೊದಿಸಬೇಕು, ಆ ಮರೂನ್ ಬಟ್ಟೆಯನ್ನೇ.

ನಾನು ಸಹಿ ಹಾಕುತ್ತಿರುವಾಗ ಪಕ್ಕದಲ್ಲಿ ಒಬ್ಬ ಅಜ್ಜ, ಒಬ್ಬಳು ಅಜ್ಜಿ ನಿಂತಿದ್ದರು. ಕೊಪ್ಪಳದ ಕಡೆಯವರು. ಅಜ್ಜಿಯನ್ನು ದೊಡ್ಡಾಸ್ಪತ್ರೆಗೆ ತೋರಿಸಲು ಬಂದವರು. ಊರಿನ ಯಾವನೋ ಹುಡುಗ ಮೊಬೈಲಿನಲ್ಲಿ ರೂಮು ಬುಕ್ ಮಾಡಿಕೊಟ್ಟಿದ್ದ, ದುಡ್ಡೂ ಕಟ್ಟಿದ್ದ. ಅವರಿಗೂ ಅದೇ ಮಂತ್ರ, 12 ಗಂಟೆ, ಇಲ್ಲಾ 500. ಅಜ್ಜ ರೂಮು ಕೇಳುವುದನ್ನು ಬಿಟ್ಟೇಬಿಟ್ಟಿದ್ದ. ‘ತಮ್ಮಾ, ರೂಮ್ ಇರ‍್ಲಿ ಬಿಡಪಾ. ಮುದುಕಿ ಮುಖ ತೊಳಕೊಳ್ಳಾಕ ಎಲ್ಲೆರ ಜಾಗ ಐತೇನು?’

‘ಲಾಬೀಲಿ ವಾಶ್‌ರೂಮ್ ಇಲ್ಲ.’

ನಾನು ಹೇಳಿದೆ, ನನ್ನ ರೂಮಿನದು ಬಳಸಲಿ, ನಾನು ಹೊರಗೆ ನಿಲ್ಲುತ್ತೇನೆ. ಕೌಂಟರಿನವನು ಕಂಪ್ಯೂಟರ್ ನೋಡುತ್ತಲೇ ಅಂದ: ‘ಎಕ್ಸ್‌ಟ್ರಾ ಪರ್ಸನ್ ಚಾರ್ಜ್ 300 ಸಾರ್. ಇಬ್ಬರದೂ ಆಧಾರ್ ಬೇಕು.’

ಇಲ್ಲಿ ತಮಾಷೆ ಮಾಡಲು ನನಗೆ ಆಗುತ್ತಿಲ್ಲ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ, ಕಾಯಿಲೆಯ ಹೆಂಗಸು. ದುಡ್ಡು ಕೊಟ್ಟಾಗಿದೆ. ರೂಮು ಖಾಲಿ ಇದೆ. ಒಂದು ಬಾಗಿಲು ತೆಗೆಯಬೇಕು, ಅಷ್ಟೇ. ಅದಕ್ಕೆ ಪಾಲಿಸಿ ಅಂತೆ. ಥೂ. ನಾನು ಕೂಗಾಡಿದೆ. ಕೂಗಾಡಿದ್ದರಿಂದ ಏನೂ ಆಗಲಿಲ್ಲ. ಆ ಹುಡುಗನಿಗೂ ಯಾರೋ ಹೇಳಿಕೊಟ್ಟಿದ್ದನ್ನು ಬಿಟ್ಟು ಬೇರೆ ಅಧಿಕಾರ ಇಲ್ಲ, ಅದೂ ಗೊತ್ತು. ಕೊನೆಗೆ ಲಗೇಜ್ ಎತ್ತುವ ಹುಡುಗ, ಅಸ್ಸಾಮಿನವನು, ಕನ್ನಡ ಬರುವುದಿಲ್ಲ, ಅಜ್ಜಿಯ ಚೀಲ ಎತ್ತಿಕೊಂಡು ‘ಬಾ ಅಮ್ಮಾ’ ಅಂದ. ಅವನಿಗೆ ಬರುತ್ತಿದ್ದ ಎರಡೇ ಮಾತು ಇರಬೇಕು. ಹಿಂದಿನ ಮೆಟ್ಟಿಲಿನಿಂದ ಟೆರೇಸಿನ ಮೇಲೆ ಕೆಲಸದ ಹುಡುಗರು ಬಳಸುವ ಬಚ್ಚಲಿಗೆ ಕರೆದುಕೊಂಡು ಹೋದ.

ಈ ಹೋಟೆಲಿಂದ ಕೂಗಳತೆಯಲ್ಲಿರುವ ರಸ್ತೆಗೆ ಗುಬ್ಬಿ ತೋಟದಪ್ಪನವರ ಹೆಸರಿದೆ. ವ್ಯಾಪಾರಿ. ಅವರೂ ಬ್ಯುಸಿನೆಸ್ಸೇ ಮಾಡಿದವರು. ರೈಲು ಇಳಿದು ಬಂದವರು ಎಲ್ಲಿ ಉಳಿಯಬೇಕು ಅಂತ ಯೋಚಿಸಿ, ಸ್ಟೇಷನ್ನಿನ ಎದುರಿಗೇ ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಬಂದು ಉದ್ಘಾಟಿಸಿದರು. ಛತ್ರ ಈಗಲೂ ಇದೆ. ಹತ್ತಿರದ ಇನ್ನೊಂದು ರಸ್ತೆಯ ಹೆಸರು ಸುಬೇದಾರ್ ಛತ್ರ. ಬಸ್ ಸ್ಟ್ಯಾಂಡ್ ಇರುವ ಜಾಗ ಮೊದಲು ಧರ್ಮಾಂಬುಧಿ ಕೆರೆಯಾಗಿತ್ತು. ಈ ಏರಿಯಾದ ಹೆಸರುಗಳನ್ನು ಓದಿಕೊಂಡು ಬಂದವನು ಇಲ್ಲಿ ಹಾಸಿಗೆ, ನೀರು, ಧರ್ಮ ಮೂರೂ ಬಿಟ್ಟಿ ಸಿಗುತ್ತೆ ಅಂದುಕೊಂಡರೆ ಅವನ ತಪ್ಪಲ್ಲ.

ಆಫೀಸಿನ ಕಥೆ ಉದ್ದ ಮಾಡುವುದಿಲ್ಲ. ಸಾಹೇಬರು ಮೀಟಿಂಗಿನಲ್ಲಿದ್ದರು. ಸಂಜೆ ನಾಲ್ಕಕ್ಕೆ ಸಿಕ್ಕರು, ನಾಲ್ಕು ನಿಮಿಷ. ‘ಇದನ್ನ ನಿಮ್ಮ ಜಿಲ್ಲೆಯಲ್ಲೇ ಕೊಡಬಹುದಿತ್ತಲ್ಲ, ಇಷ್ಟು ದೂರ ಯಾಕೆ ಬಂದ್ರಿ?’ ಅಂದರು. ಜಿಲ್ಲೆಯವರು ಬೆಂಗಳೂರಿಗೆ ಹೋಗಿ ಅಂದಿದ್ದರು ಅಂತ ಹೇಳಿದೆ. ಇಬ್ಬರೂ ನಕ್ಕೆವು.

ರಾತ್ರಿ ಒಂಬತ್ತಕ್ಕೆ ರೂಮು ಬಿಟ್ಟೆ. ಹತ್ತೂವರೆಗೆ ವಾಪಸ್ ಬಸ್ಸು. ಕೌಂಟರಿನಲ್ಲಿ ಬೇರೆ ಹುಡುಗ. ‘ನಾಳೆ ಬೆಳಗ್ಗೆ ಬಫೆ ಬ್ರೇಕ್‌ಫಾಸ್ಟ್ ಕಾಂಪ್ಲಿಮೆಂಟರಿ ಇದೆ ಸಾರ್.’ ಏನಿರುತ್ತೆ ಅಂತ ಕೇಳಿದೆ. ಉಪ್ಪಿಟ್ಟು, ಬ್ರೆಡ್ಡು, ಕಾರ್ನ್‌ಫ್ಲೇಕ್ಸ್. ನಾಳೆಯ ಉಪ್ಪಿಟ್ಟು ಇವತ್ತೇ ಪ್ಯಾಕ್ ಮಾಡಿಕೊಡ್ತೀರಾ, ಬೇಕಾದರೆ ಅರ್ಲಿ ಬ್ರೇಕ್‌ಫಾಸ್ಟ್ ಚಾರ್ಜ್ ಹಾಕಿ ಅಂದೆ. ಅವನು ನಿಜವಾಗಿಯೂ ಕಂಪ್ಯೂಟರಿನಲ್ಲಿ ಹುಡುಕಿದ.

ಹೀಗೆ, ಒಂದು ರಾತ್ರಿಯ ಬಾಡಿಗೆ ಕೊಟ್ಟು, ಆ ರಾತ್ರಿಯನ್ನು ತುಮಕೂರು, ಚಿತ್ರದುರ್ಗ, ದಾವಣಗೆರೆ ಮೇಲೆ ಹಾಯ್ದು ಬಸ್ಸಿನಲ್ಲಿ ಕಳೆದೆ. ಹುಬ್ಬಳ್ಳಿ ಮುಟ್ಟಿ, ಸ್ನಾನ ಮಾಡಿ, ಮನೆಯ ಉಪ್ಪಿಟ್ಟು ತಿಂದು, ದುರ್ಗದ ಬೈಲಿನಲ್ಲಿ ಮೆಂತ್ಯೆ ಸೊಪ್ಪು ಚೌಕಾಸಿ ಮಾಡುತ್ತಿದ್ದಾಗ ಫೋನು ಬಂತು. 11 ಗಂಟೆ 10 ನಿಮಿಷ.

‘ಸಾರ್, ರೂಮ್ ಇನ್ನೂ ವೆಕೇಟ್ ಮಾಡಿಲ್ಲ ಅಂತ ತೋರಿಸ್ತಿದೆ. ಇನ್ನು ಮೇಲೆ ಲೇಟ್ ಚೆಕ್ ಔಟ್ ಚಾರ್ಜ್ ಬೀಳುತ್ತೆ.’

‘ಇನ್ನೊಂದರ್ಧ ಗಂಟೆ ಬಿಡಪಾ’ ಅಂದೆ. ‘ಬಿಸಿನೀರು ಬಂದಿಲ್ಲ.’